ರೋಮನ್ನರ ಕಾಂಕ್ರೀಟು ಕಲಿಸುವ ಪಾಠ: ದುರ್ಗದ ಹಳೆಯ ಗೋಡೆಯನ್ನು ಸುಣ್ಣದ ಗಾರೆಯಿಂದ ಸರಿಪಡಿಸುವ ಕ್ರಮ

ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ಹಳೆಯ ಬೀದಿಗಳಲ್ಲಿ ಕಲ್ಲು, ಮಣ್ಣು ಮತ್ತು ಸುಣ್ಣದಿಂದ ಕಟ್ಟಿದ ಮಾಳಿಗೆ ಮನೆಗಳು ಇಂದಿಗೂ ಉಳಿದಿವೆ. ನಮ್ಮ ಅಜ್ಜನ ಕಾಲದ ಮನೆಯೂ ಅಂಥದೇ. ಎರಡಡಿ ದಪ್ಪದ ಗೋಡೆಯ ಒಳಗೆ ಮಣ್ಣಿನಲ್ಲಿ ಕೂರಿಸಿದ ಕಲ್ಲುಗಳಿವೆ, ಮೇಲೆ ಸುಣ್ಣದ ಗಾರೆಯ ಹೊದಿಕೆಯಿದೆ. ಕೆಲವು ವರ್ಷಗಳ ಹಿಂದೆ ನಡುಮನೆಯ ಗೋಡೆ ಅಲ್ಲಲ್ಲಿ ಉದುರತೊಡಗಿದಾಗ, ಗುತ್ತಿಗೆದಾರರೊಬ್ಬರ ಸಲಹೆಯಂತೆ ಹಳೆಯ ಗಾರೆಯನ್ನೆಲ್ಲ ಕೆತ್ತಿಸಿ ಸಿಮೆಂಟಿನ ಪ್ಲಾಸ್ಟರ್ ಮಾಡಿಸಿದೆವು. ಮೊದಲ ಎರಡು ವರ್ಷ ಗೋಡೆ ನುಣ್ಣಗೆ, ಗಟ್ಟಿಯಾಗಿ, ನೋಡಲು ಹೊಸದರಂತೆಯೇ ಇತ್ತು. ಮೂರನೆಯ ಮಳೆಗಾಲ ಮುಗಿಯುವಷ್ಟರಲ್ಲಿ ನೆಲದಿಂದ ಮೂರಡಿ ಎತ್ತರದವರೆಗೆ ಬಿಳಿ ಉಪ್ಪು ಹೊರಬಿತ್ತು. ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು ಕೇಳಿಸುತ್ತಿತ್ತು. ಒಂದು ರಾತ್ರಿ ಬಾಗಿಲಷ್ಟು ಅಗಲದ ಪ್ಲಾಸ್ಟರಿನ ಹಾಳೆ ಒಟ್ಟಾಗಿ ಕಳಚಿ ಬಿತ್ತು. ಅದರ ಬೆನ್ನಿಗಿದ್ದ ಮಣ್ಣು ಎಷ್ಟು ಒದ್ದೆಯಾಗಿತ್ತೆಂದರೆ ಬೆರಳಿಟ್ಟರೆ ಒಳಕ್ಕೆ ಇಳಿಯುತ್ತಿತ್ತು.

ಬಳಸಿದ ಸಿಮೆಂಟು ಕಳಪೆಯಾಗಿರಲಿಲ್ಲ, ಮೇಸ್ತ್ರಿಯ ಕೈಕೆಲಸವೂ ಚೆನ್ನಾಗಿಯೇ ಇತ್ತು. ತಪ್ಪಾದದ್ದು ವಸ್ತುವಿನ ಆಯ್ಕೆಯಲ್ಲಿ. ಮಣ್ಣು ಮತ್ತು ಸುಣ್ಣದ ಗೋಡೆ ನೆಲದಿಂದ ತೇವವನ್ನು ಹೀರಿ, ಮೈಯಿಂದ ಆವಿಯಾಗಿ ಹೊರಬಿಡುತ್ತದೆ. ಬಿಗಿಯಾದ ಸಿಮೆಂಟು ಅದರ ದಾರಿಯನ್ನು ಮುಚ್ಚಿದ್ದರಿಂದ ತೇವವೂ ಅದರೊಡನೆ ಬಂದ ಉಪ್ಪೂ ಪ್ಲಾಸ್ಟರಿನ ಬೆನ್ನಿಗೇ ನಿಂತವು, ಉಪ್ಪು ಹರಳುಗಟ್ಟಿ ಹಿಗ್ಗಿದಾಗ ಹೊದಿಕೆಯನ್ನು ಗೋಡೆಯಿಂದ ಎಬ್ಬಿಸಿತು. ಆ ಗೋಡೆಯನ್ನು ಮತ್ತೆ ಸುಣ್ಣದಿಂದಲೇ ಸರಿಪಡಿಸುವಾಗ ನಾನು ಹೆಚ್ಚು ಕಲಿತದ್ದು ರೋಮನ್ನರ ಕಟ್ಟಡಗಳ ಬಗ್ಗೆ ಓದಿ ಮತ್ತು ನಮ್ಮೂರಿನ ಹಿರಿಯ ಗಾರೆ ಕೆಲಸಗಾರರೊಬ್ಬರ ಜೊತೆ ಕುಳಿತು. ಆ ಎರಡೂ ಕಡೆಯ ಕಲಿಕೆಯನ್ನು ಸೇರಿಸಿ, ಹಳೆಯ ಮನೆಯುಳ್ಳವರು ತಾವೇ ನಿಂತು ಮಾಡಿಸಿಕೊಳ್ಳಬಹುದಾದ ರೀತಿಯಲ್ಲಿ ಈ ಕ್ರಮವನ್ನು ಬರೆದಿದ್ದೇನೆ.

ರೋಮನ್ನರು ಮಾಡಿದ್ದೇನು?

ರೋಮ್ ನಗರದ ಪ್ಯಾಂಥಿಯಾನ್ ದೇಗುಲ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿಯಿತು. ಅದರ ಗುಮ್ಮಟದ ಅಡ್ಡಳತೆ 43.3 ಮೀಟರ್, ಕಬ್ಬಿಣದ ಸರಳಿಲ್ಲದೆ ಕಟ್ಟಿದ ಕಾಂಕ್ರೀಟು ಗುಮ್ಮಟಗಳಲ್ಲಿ ಇಂದಿಗೂ ಅದಕ್ಕಿಂತ ದೊಡ್ಡದಿಲ್ಲ. ಗುಮ್ಮಟದ ಬುಡದಲ್ಲಿ ಗೋಡೆ 6 ಮೀಟರಿಗೂ ಹೆಚ್ಚು ದಪ್ಪವಿದ್ದು, ತುದಿಗೆ ಹೋದಂತೆ ಸುಮಾರು 1.2 ಮೀಟರಿಗೆ ಇಳಿಯುತ್ತದೆ. ಕೆಳಗೆ ಭಾರವಾದ ಕಲ್ಲಿನ ತುಂಡು, ನಡುವೆ ಇಟ್ಟಿಗೆಚೂರು, ಮೇಲೆ ನೀರಿನಲ್ಲಿ ತೇಲುವಷ್ಟು ಹಗುರವಾದ ಜ್ವಾಲಾಮುಖಿಯ ನೊರೆಗಲ್ಲು ಹೀಗೆ ಎತ್ತರಕ್ಕೆ ತಕ್ಕಂತೆ ಜಲ್ಲಿಯನ್ನೇ ಬದಲಿಸಿದ್ದಾರೆ. ಅವರು ಕಾಂಕ್ರೀಟನ್ನು ನಮ್ಮಂತೆ ನೀರಾಗಿ ಕಲಸಿ ಸುರಿಯುತ್ತಿರಲಿಲ್ಲ. ಗಟ್ಟಿಯಾದ ಗಾರೆಯ ಮೇಲೆ ಕಲ್ಲಿನ ತುಂಡುಗಳನ್ನು ವರಸೆ ವರಸೆಯಾಗಿ ಹಾಕಿ, ಗುದ್ದಿ ಕೂರಿಸುತ್ತಿದ್ದರು.

ಆ ಗಾರೆಯ ಜೀವಾಳವೆಂದರೆ ಸುಣ್ಣ ಮತ್ತು ಜ್ವಾಲಾಮುಖಿಯ ಬೂದಿ. ಬರಿಯ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ಗಾಳಿ ತಾಗದ ಕಡೆ, ನೀರಿನ ಅಡಿಯಲ್ಲಿ, ಅದು ಗಟ್ಟಿಯಾಗುವುದೇ ಇಲ್ಲ. ನೇಪಲ್ಸ್ ಕೊಲ್ಲಿಯ ಸುತ್ತಲಿನ ಬೂದಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣದೊಡನೆ ನೀರಿನಲ್ಲಿಯೇ ಕೂಡಿಕೊಂಡು ಗಟ್ಟಿ ಅಂಟಾಗುತ್ತವೆ. ಕ್ರಿ.ಪೂ. ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಇದನ್ನು ಬರೆದಿಟ್ಟಿದ್ದಾನೆ: ಸಮುದ್ರದೊಳಗಿನ ಕೆಲಸಕ್ಕೆ ಒಂದು ಪಾಲು ಸುಣ್ಣ, ಎರಡು ಪಾಲು ಬೂದಿ, ನೆಲದಿಂದ ಅಗೆದ ಮರಳಾದರೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು, ನದಿಯ ಮರಳಾದರೆ ಎರಡು ಪಾಲು, ಅದಕ್ಕೆ ಮಡಕೆಚೂರನ್ನು ಪುಡಿಮಾಡಿ ಜರಡಿ ಹಿಡಿದು ಮೂರನೆಯ ಒಂದು ಪಾಲು ಸೇರಿಸಿದರೆ ಗಾರೆ ಇನ್ನೂ ಉತ್ತಮವಾಗುತ್ತದೆ. ಈ ಕೊನೆಯ ಮಾತು ನಮಗೆ ಬಹಳ ಹತ್ತಿರದ್ದು, ಏಕೆಂದರೆ ಸುಟ್ಟ ಜೇಡಿಮಣ್ಣಿನ ಪುಡಿಯೇ ನಮ್ಮ ಸುರ್ಕಿ. ಜ್ವಾಲಾಮುಖಿಯ ಬೂದಿ ಇಲ್ಲದ ನಾಡಿನಲ್ಲಿ ಇಟ್ಟಿಗೆ ಗೂಡಿನ ಬೆಂಕಿಯೇ ಆ ಕೆಲಸ ಮಾಡುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟು ನಿಂತಿರುವುದೂ ಸುರ್ಕಿಯ ಗಾರೆಯ ಮೇಲೆ.

ಚಿತ್ರದುರ್ಗದ ಪಕ್ಕದ ಪ್ರಾಚೀನ ನೆಲೆ ಚಿತ್ರದುರ್ಗದ ಪಕ್ಕದ ಪ್ರಾಚೀನ ನೆಲೆ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ವಿಟ್ರೂವಿಯಸ್ ತನ್ನ ಗ್ರಂಥವನ್ನು ಅರ್ಪಿಸಿದ್ದು ಇದೇ ಅಗಸ್ಟಸ್‌ಗೆ. ಗಾರೆಯ ವಿದ್ಯೆ ಅಲ್ಲಿಂದ ಇಲ್ಲಿಗೆ ಬಂತೆಂದು ಇದರಿಂದ ಹೇಳಲಾಗದು. ಆದರೂ ಜೋಗಿಮಟ್ಟಿಯ ತಪ್ಪಲಲ್ಲಿ ನಿಂತು ಆ ಮಣ್ಣನ್ನು ನೋಡುವಾಗ ಆ ಕಾಲದ ಎರಡೂ ಊರುಗಳು ನನಗೆ ಒಟ್ಟಿಗೆ ನೆನಪಾಗುತ್ತವೆ.

ಇತ್ತೀಚಿನ ಎರಡು ಅಧ್ಯಯನಗಳನ್ನು ಇಲ್ಲಿ ಹೇಳಬೇಕು, ಏಕೆಂದರೆ ಮುಂದಿನ ಕೆಲಸದ ಕ್ರಮ ಅವುಗಳನ್ನು ಅವಲಂಬಿಸಿದೆ. 2017ರಲ್ಲಿ ಮೇರಿ ಜಾಕ್ಸನ್ ಮತ್ತು ಸಂಗಡಿಗರು ರೋಮನ್ ಬಂದರುಗಳ ಕಾಂಕ್ರೀಟನ್ನು ಪರೀಕ್ಷಿಸಿ, ಅದರೊಳಗೆ ಇಳಿದ ಸಮುದ್ರದ ನೀರು ಬೂದಿಯನ್ನು ಕರಗಿಸಿ ಹೊಸ ಖನಿಜದ ಹರಳುಗಳನ್ನು ಬೆಳೆಸಿದೆಯೆಂದು ತೋರಿಸಿದರು. 2023ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಡ್ಮಿರ್ ಮಾಸಿಕ್ ಅವರ ತಂಡ ರೋಮನ್ ಗಾರೆಯಲ್ಲಿ ಕಾಣುವ ಬಿಳಿ ಸುಣ್ಣದ ಹರಳುಗಳನ್ನು ಗಮನಿಸಿತು. ಅಲ್ಲಿಯವರೆಗೆ ಅವು ಸರಿಯಾಗಿ ಕಲಸದ ಕೆಲಸದ ಗುರುತೆಂದು ಅನೇಕರು ತಿಳಿದಿದ್ದರು. ಅರಳದ, ಎಂದರೆ ಇನ್ನೂ ನೀರು ತಾಗಿ ಹಿಟ್ಟಾಗದ, ಸುಟ್ಟ ಸುಣ್ಣವನ್ನೇ ನೇರವಾಗಿ ಬೂದಿ, ನೀರಿನೊಡನೆ ಬಿಸಿಬಿಸಿಯಾಗಿ ಕಲಸಿದ್ದರಿಂದ ಅವು ಉಳಿದವೆಂದೂ, ಬಿರುಕಿನೊಳಗೆ ನೀರು ಇಳಿದಾಗ ಆ ಹರಳು ಕರಗಿ ಬಿರುಕನ್ನು ಮತ್ತೆ ಸುಣ್ಣಗಲ್ಲಿನಿಂದ ತುಂಬುತ್ತದೆಂದೂ ಅವರು ವಾದಿಸಿದರು. ಅದೇ ರೀತಿ ಕಲಸಿದ ತುಂಡುಗಳನ್ನು ಬಿರುಕುಬಿಡಿಸಿ ನೀರು ಹರಿಸಿದಾಗ ಎರಡು ವಾರದೊಳಗೆ ನೀರು ಹರಿಯುವುದು ನಿಂತಿತು. ನಮ್ಮ ಮನೆಯ ಹಳೆಯ ಗಾರೆಯ ಹೆಂಟೆಯೊಂದನ್ನು ಮುರಿದು ನೋಡಿದಾಗ ಅದರಲ್ಲಿಯೂ ಜೋಳದ ಕಾಳಿನಷ್ಟು ದಪ್ಪದ ಬಿಳಿ ಹರಳುಗಳಿದ್ದವು. ಉಗುರಿನಿಂದ ಒತ್ತಿದರೆ ಹಿಟ್ಟಾಗುತ್ತಿದ್ದವು.

ಇಂದಿನ ಸಿಮೆಂಟಿನ ಗುಣ ಮತ್ತು ಅದರ ಜಾಗ

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಸುಣ್ಣದ ಕಲ್ಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ಸುಣ್ಣವಾಗುತ್ತದೆ; ಸುಣ್ಣಗಲ್ಲು ಮತ್ತು ಜೇಡಿಮಣ್ಣು ಸೇರಿ ಸಿಮೆಂಟಾಗಲು ಸುಮಾರು 1450 ಡಿಗ್ರಿ ಬೇಕು. ಅದು ಬೇಗ ಗಟ್ಟಿಯಾಗುತ್ತದೆ, ಒಳಗಿನ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ, ಆ ಕಬ್ಬಿಣದ ಬಲದಿಂದ ಐದು ಇಂಚಿನ ಸ್ಲ್ಯಾಬು ಹತ್ತು ಹನ್ನೆರಡು ಅಡಿ ಅಗಲದ ಕೋಣೆಯ ಮೇಲೆ ನಿಲ್ಲುತ್ತದೆ. ಒತ್ತುವ ಭಾರವನ್ನು ತಡೆಯುವ ಶಕ್ತಿಯಲ್ಲಿ ರೋಮನ್ ಗಾರೆ ಇಂದು ಮನೆಗಳಿಗೆ ಬಳಸುವ ಸಾಧಾರಣ ದರ್ಜೆಯ ಎಂ-20 ಕಾಂಕ್ರೀಟಿಗೂ ಸಮವಲ್ಲ. ರೋಮನ್ನರು ಕಮಾನು, ಗುಮ್ಮಟ, ದಪ್ಪ ಗೋಡೆಗಳಿಂದ ಭಾರವೆಲ್ಲ ಕೆಳಮುಖವಾಗಿ ಒತ್ತುವಂತೆ ಮಾಡಿ ಆ ಕೊರತೆಯನ್ನು ನೀಗಿಸಿಕೊಂಡರು. ಅವರು ಕಟ್ಟಿದ್ದರಲ್ಲಿ ಬಿದ್ದುಹೋದವೇ ಹೆಚ್ಚು, ನಾವು ನೋಡುತ್ತಿರುವುದು ಉಳಿದವನ್ನು ಮಾತ್ರ ಎಂಬುದನ್ನೂ ಮರೆಯಬಾರದು.

ನಮ್ಮ ಕಾಂಕ್ರೀಟಿನ ಆಯುಸ್ಸನ್ನು ಸಾಮಾನ್ಯವಾಗಿ ಮುಗಿಸುವುದು ಸಿಮೆಂಟಲ್ಲ, ಅದರೊಳಗಿನ ಕಬ್ಬಿಣ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ನಿಧಾನವಾಗಿ ಒಳಗಿಳಿದು ಕಾಂಕ್ರೀಟಿನ ಕ್ಷಾರವನ್ನು ಕಡಿಮೆ ಮಾಡಿದಾಗ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದ ಸೀಳುತ್ತದೆ. ಪ್ಯಾಂಥಿಯಾನ್‌ಗೆ ಈ ರೋಗವಿಲ್ಲ, ಏಕೆಂದರೆ ಅದರ ಕಾಂಕ್ರೀಟಿನಲ್ಲಿ ಸರಳಿಲ್ಲ.

ಆದ್ದರಿಂದ ಹಂಚಿಕೆ ಹೀಗಿರಲಿ: ತಳಪಾಯ, ಪಿಲ್ಲರು, ಬೀಮು, ಸ್ಲ್ಯಾಬು, ನೀರಿನ ಸಂಪು ಇವುಗಳಿಗೆ ಸಿಮೆಂಟು ಕಾಂಕ್ರೀಟೇ ಸರಿ, ದಾವಣಗೆರೆ ಸುತ್ತಿನ ಎರೆ ಭೂಮಿಯಲ್ಲಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದ ಮೇಲೆ ಮನೆ ಕಟ್ಟುವವರಂತೂ ಎಂಜಿನಿಯರ್ ಹೇಳಿದ ತಳಪಾಯವನ್ನು ಬಿಟ್ಟು ಬೇರೆ ಯೋಚಿಸಬಾರದು. ಹಳೆಯ ಕಲ್ಲು, ಮಣ್ಣು, ಸುಣ್ಣದ ಗೋಡೆಯ ಸಂದು ತುಂಬುವುದಕ್ಕೆ ಮತ್ತು ಮೇಲುಹೊದಿಕೆಗೆ ಸುಣ್ಣದ ಗಾರೆಯೇ ಸರಿ. ಗೋಡೆ ಹೊರಕ್ಕೆ ಉಬ್ಬಿದ್ದರೆ, ತೂಕದಗುಂಡು ಇಳಿಬಿಟ್ಟಾಗ ವಾಲಿರುವುದು ಕಂಡರೆ, ಅಥವಾ ಬೆರಳು ತೂರುವಷ್ಟು ಅಗಲದ ಬಿರುಕು ಮೇಲಿಂದ ಕೆಳಗಿನವರೆಗೆ ಓಡಿದ್ದರೆ ಮೊದಲು ಎಂಜಿನಿಯರನ್ನು ಕರೆಸಿ ತೋರಿಸಬೇಕು.

ಮೊದಲ ಕೆಲಸ: ಗೋಡೆಯನ್ನು ತಿಳಿದುಕೊಳ್ಳುವುದು

ಗೋಡೆಯ ಮರೆಯ ಜಾಗದಿಂದ ಶೇಂಗಾ ಕಾಯಿಯಷ್ಟು ದೊಡ್ಡ ಹಳೆಯ ಗಾರೆಯ ತುಂಡುಗಳನ್ನು ನಾಲ್ಕೈದು ಕಡೆ ಕಿತ್ತು ತೆಗೆಯಿರಿ. ಒಂದನ್ನು ಲೋಟದ ನೀರಿನಲ್ಲಿ ಹಾಕಿ. ಅರ್ಧ ಗಂಟೆಯಲ್ಲಿ ಕರಗಿ ಕೆಸರಾದರೆ ಅದು ಮಣ್ಣಿನ ಗಾರೆ. ಕರಗದಿದ್ದರೆ ಇನ್ನೊಂದನ್ನು ಮೊಳೆಯಿಂದ ಗೀರಿ; ಸುಲಭವಾಗಿ ಗೀರುಬಿದ್ದು ಬಿಳಿ ಅಥವಾ ನಸುಗೆಂಪು ಪುಡಿ ಉದುರಿದರೆ ಸುಣ್ಣದ್ದು, ನಸುಗೆಂಪಿದ್ದರೆ ಸುರ್ಕಿಯೂ ಸೇರಿದೆ. ಬೂದು ಬಣ್ಣವಿದ್ದು ಮೊಳೆ ಜಾರಿದರೆ ನಡುವೆ ಯಾರೋ ಸಿಮೆಂಟಿನಲ್ಲಿ ತೇಪೆ ಹಾಕಿದ್ದಾರೆ. ಸುಣ್ಣದ್ದೆಂದು ಅನಿಸಿದ ತುಂಡಿನ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಬರುತ್ತದೆ. ಒಂದು ತುಂಡನ್ನು ಡಬ್ಬಿಯಲ್ಲಿ ಜೋಪಾನವಾಗಿಟ್ಟುಕೊಳ್ಳಿ. ಹೊಸ ಗಾರೆಯ ಬಣ್ಣವನ್ನೂ ಮರಳಿನ ಕಾಳನ್ನೂ ಅದಕ್ಕೆ ಹೋಲಿಸಬೇಕಾಗುತ್ತದೆ. ಹೊಸ ಗಾರೆ ಹಳೆಯದಕ್ಕಿಂತ ಗಟ್ಟಿಯಾಗಿರಬಾರದೆಂಬುದು ಈ ಕೆಲಸದ ಮೊದಲ ನಿಯಮ.

ತೇವ ಎಲ್ಲಿಂದ ಬರುತ್ತಿದೆಯೆಂದು ಹುಡುಕುವುದು ಮುಂದಿನದು. ಹೊರಗಿನ ರಸ್ತೆ ವರ್ಷದಿಂದ ವರ್ಷಕ್ಕೆ ಎತ್ತರವಾಗಿ ಮನೆಯ ನೆಲವನ್ನೇ ಮೀರಿರುವುದು, ಮಾಳಿಗೆಯ ನೀರು ಬೀಳುವ ದೋಣಿ ಮುರಿದಿರುವುದು, ಬಚ್ಚಲಿನ ಪೈಪು ಸೋರುತ್ತಿರುವುದು ಇವೇ ಸಾಮಾನ್ಯವಾದ ಕಾರಣಗಳು. ಇವನ್ನು ಸರಿಪಡಿಸದೆ ಮಾಡಿದ ಯಾವ ಗಾರೆಯೂ ನಿಲ್ಲದು. ಆಮೇಲೆ ಸಿಮೆಂಟಿನ ಹೊದಿಕೆಯನ್ನು ಸಣ್ಣ ಉಳಿ, ಸುತ್ತಿಗೆಯಿಂದ ಬಿಡಿಸಿ, ಗೋಡೆಯನ್ನು ಕನಿಷ್ಠ ಒಂದು ತಿಂಗಳು ತೆರೆದಿಡಿ. ಮೇಲೆ ಬಂದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಮೊರದಲ್ಲಿ ಹಿಡಿದು ಹೊರಗೆ ಹಾಕಿ. ನೀರಿನಿಂದ ತೊಳೆದರೆ ಉಪ್ಪು ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ.

ಸುಣ್ಣವನ್ನು ಅರಳಿಸುವುದು

ಗೂಡಿನಿಂದ ಹೊಸದಾಗಿ ಬಂದ ಸುಟ್ಟ ಸುಣ್ಣದ ಗಟ್ಟಿಗಳನ್ನೇ ಕೊಳ್ಳಿ. ಒಳ್ಳೆಯ ಸುಟ್ಟ ಸುಣ್ಣ ಗಾತ್ರಕ್ಕೆ ಹಗುರವಾಗಿರುತ್ತದೆ, ಏಕೆಂದರೆ ಶುದ್ಧವಾದ 100 ಕೆಜಿ ಸುಣ್ಣಗಲ್ಲು ಬೆಂದಾಗ 56 ಕೆಜಿ ಮಾತ್ರ ಉಳಿಯುತ್ತದೆ. ಒಂದು ತುಂಡನ್ನು ನೀರಿಗೆ ಹಾಕಿದರೆ ಚುಂಯ್ ಎಂದು ಸದ್ದು ಮಾಡಿ, ಬಿರಿದು, ಕೆಲವೇ ನಿಮಿಷಗಳಲ್ಲಿ ಹಿಟ್ಟಾಗಬೇಕು. ನಡುವೆ ಕಲ್ಲು ಉಳಿದರೆ ಅದು ಬೇಯದ ಭಾಗ. ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದು ತಾನಾಗಿಯೇ ಪುಡಿಯಾದ ಸುಣ್ಣ ಗಾಳಿಯಿಂದ ಮತ್ತೆ ಸುಣ್ಣಗಲ್ಲಾಗಿರುತ್ತದೆ, ಅದನ್ನು ಬಳಸಬೇಡಿ. ಗಟ್ಟಿ ಸಿಗದಿದ್ದರೆ ಅಂಗಡಿಯಲ್ಲಿ ಮುಚ್ಚಿದ ಚೀಲದಲ್ಲಿ ಬರುವ ಅರಳಿಸಿದ ಸುಣ್ಣದ ಪುಡಿಯನ್ನು ತಂದು, ಕನಿಷ್ಠ ಒಂದು ದಿನ ನೀರಿನಲ್ಲಿ ನೆನೆಸಿ ಬಳಸಬಹುದು. ಚೀಲದ ಮೇಲಿನ ದಿನಾಂಕ ನೋಡಿಕೊಳ್ಳಿ.

ಅರಳಿಸುವಾಗ ನೀರು ಕುದಿಯುವಷ್ಟು ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಡ್ರಮ್ಮು ಕರಗಬಹುದು; ಕಬ್ಬಿಣದ ಡ್ರಮ್ಮು ಅಥವಾ ಕಲ್ಲಿನ ತೊಟ್ಟಿ ಬೇಕು. ಮೊದಲು ನೀರು, ಆಮೇಲೆ ಸುಣ್ಣ. ತೂಕದಲ್ಲಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ನೀರು ತುಂಬಿಟ್ಟುಕೊಂಡು, ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಸಲಿಕೆಯಿಂದ ಇಳಿಸಿ, ಉದ್ದ ಕೋಲಿನಿಂದ ತಿರುವುತ್ತಿರಬೇಕು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು, ಕಾಲಿಗೆ ಬೂಟು ಕಡ್ಡಾಯ. ಮಕ್ಕಳು, ದನಕರುಗಳು ಆ ಕಡೆ ಸುಳಿಯಬಾರದು. ಕಣ್ಣಿಗೆ ಸುಣ್ಣ ಹಾರಿದರೆ ಉಜ್ಜದೆ, ಶುದ್ಧ ನೀರನ್ನು ಇಪ್ಪತ್ತು ನಿಮಿಷ ಬಿಡದೆ ಹರಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆರಿದ ಸುಣ್ಣದ ಹಾಲನ್ನು ಸಣ್ಣ ಜರಡಿಯಲ್ಲಿ ಸೋಸಿ, ಮೇಲೆ ಎರಡು ಇಂಚು ನೀರು ನಿಲ್ಲುವಂತೆ ಮುಚ್ಚಿಡಿ. ಎರಡು ವಾರಕ್ಕೆ ಬಳಸಬಹುದು, ಎರಡು ತಿಂಗಳಾದರೆ ಮೊಸರಿನ ಕೆನೆಯಷ್ಟು ನುಣುಪು ಬರುತ್ತದೆ. ಮೂರು ವರ್ಷಕ್ಕಿಂತ ಹೊಸದಾದ ಸುಣ್ಣವನ್ನು ಗುತ್ತಿಗೆದಾರರು ಬಳಸಬಾರದೆಂಬ ನಿಯಮ ಹಿಂದೆ ಇತ್ತೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಹಾಗಾದರೆ ಬಿಸಿ ಕಲಸುವ ಪದ್ಧತಿಗೂ ಇದಕ್ಕೂ ಹೊಂದುವುದು ಹೇಗೆಂದು ಕೇಳಬಹುದು. ನನ್ನ ತಿಳಿವಳಿಕೆಯಲ್ಲಿ ಎರಡೂ ಬೇರೆ ಬೇರೆ ಕೆಲಸಗಳಿಗೆ ಸಲ್ಲುತ್ತವೆ: ಗೋಡೆಯ ಒಡಲು ತುಂಬುವುದಕ್ಕೆ ಬಿಸಿ ಗಾರೆ, ಕಣ್ಣಿಗೆ ಕಾಣುವ ನುಣುಪು ಹೊದಿಕೆಗೆ ಹಣ್ಣಾದ ಸುಣ್ಣ. ಹೊದಿಕೆಯಲ್ಲಿ ಅರಳದ ಕಾಳು ಉಳಿದರೆ ಆಮೇಲೆ ಅರಳಿ, ಗೋಡೆಯ ಮೇಲೆ ಗುಳ್ಳೆಯೆಬ್ಬಿಸಿ ಸಿಡಿಯುತ್ತದೆ.

ಸುರ್ಕಿಯ ಆಯ್ಕೆ ಮತ್ತು ಉಂಡೆಯ ಪರೀಕ್ಷೆ

ಎಲ್ಲ ಇಟ್ಟಿಗೆಪುಡಿಯೂ ಸುರ್ಕಿಯಲ್ಲ. ಜೇಡಿಮಣ್ಣು 600ರಿಂದ 800 ಡಿಗ್ರಿ ಶಾಖದಲ್ಲಿ ಬೆಂದಾಗ ಸುಣ್ಣದೊಡನೆ ಚೆನ್ನಾಗಿ ಕೂಡುತ್ತದೆ. ಅದಕ್ಕಿಂತ ಬಹಳ ಹೆಚ್ಚು ಬೆಂದು ಕಪ್ಪಾದ, ಗಾಜಿನಂತೆ ಹೊಳೆಯುವ ಇಟ್ಟಿಗೆ ಬರಿಯ ಜಲ್ಲಿಗೆ ಸಮ. ಗೂಡಿನ ಹೊರಸಾಲಿನ, ತಟ್ಟಿದರೆ ಮಂದವಾಗಿ ಸದ್ದು ಬರುವ, ಕಿತ್ತಳೆ ಬಣ್ಣದ ಇಟ್ಟಿಗೆಗಳೇ ನಮಗೆ ಬೇಕಾದವು. ಕಟ್ಟುವವರು ಅವನ್ನು ಬೇಡವೆನ್ನುವುದರಿಂದ ಅಗ್ಗಕ್ಕೂ ಸಿಗುತ್ತವೆ. ಕುಟ್ಟಿ ಪುಡಿಮಾಡಿ, ಮೈದಾ ಜರಡಿಯಷ್ಟು ಸಣ್ಣ ಕಣ್ಣಿನ ಜರಡಿ ಹಿಡಿಯಬೇಕು. ಪುಡಿ ಎಷ್ಟು ನುಣುಪೋ ಅಷ್ಟು ಒಳ್ಳೆಯದು.

ದಾವಣಗೆರೆ ಕಡೆಯವರಿಗೆ ಇನ್ನೊಂದು ದಾರಿಯಿದೆ. ಭದ್ರಾ ನಾಲೆಯ ಕೆಳಗಿನ ಊರುಗಳ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ರಾಶಿ ರಾಶಿಯಾಗಿ ಸಿಗುತ್ತದೆ. ಹದವಾದ ಶಾಖದಲ್ಲಿ ಸುಟ್ಟ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಸುಣ್ಣದೊಡನೆ ಅದು ಜ್ವಾಲಾಮುಖಿಯ ಬೂದಿಯಂತೆಯೇ ಕೂಡುತ್ತದೆ. ಬೂದಿ ಬಿಳಿಬೂದು ಬಣ್ಣದಲ್ಲಿರಬೇಕು. ಕಪ್ಪಾಗಿದ್ದರೆ ಇದ್ದಿಲು ಉಳಿದಿದೆ ಎಂದರ್ಥ. ಅತಿಯಾದ ಉರಿಯಲ್ಲಿ ಬೆಂದ ಬೂದಿಯ ಸಿಲಿಕಾ ಹರಳುಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ಬೇರೆ ಉರುವಲು ಬೆರೆಸಿ ಉರಿಸಿದ ಭಟ್ಟಿಯ ಬೂದಿಯನ್ನು ಬಳಸಬೇಡಿ.

ಕೊಂಡದ್ದು ಸರಿಯೋ ಅಲ್ಲವೋ ಎಂದು ಮನೆಯಲ್ಲಿಯೇ ನೋಡಬಹುದು. ನಾನು ನಿಂಬೆಹಣ್ಣಿನ ಗಾತ್ರದ ಮೂರು ಉಂಡೆ ಕಟ್ಟಿದೆ: ಮೊದಲನೆಯದಕ್ಕೆ ಒಂದು ಪಾಲು ಸುಣ್ಣ, ಎರಡು ಪಾಲು ಮರಳು, ಎರಡನೆಯದಕ್ಕೆ ಒಂದು ಪಾಲು ಸುಣ್ಣ, ಎರಡು ಪಾಲು ಸುರ್ಕಿ, ಮೂರನೆಯದಕ್ಕೆ ಅಷ್ಟೇ ಪಾಲಿನಲ್ಲಿ ಹೊಟ್ಟಿನ ಬೂದಿ. ನೀರು ಕಡಿಮೆ ಹಾಕಿ, ರಾಗಿ ಮುದ್ದೆಗಿಂತ ಗಟ್ಟಿಯಾಗಿ ನಾದಿ, ಎರಡು ದಿನ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಆಮೇಲೆ ಮೂರನ್ನೂ ಬೇರೆ ಬೇರೆ ಸ್ಟೀಲಿನ ಬೋಗುಣಿಯಲ್ಲಿ ನೀರೊಳಗೆ ಮುಳುಗಿಸಿದೆ. ಮರಳಿನ ಉಂಡೆ ಮರುದಿನ ಬೆಳಿಗ್ಗೆಗೆ ಬುಡದಲ್ಲಿ ಅಂಬಲಿಯಂತೆ ಹರಡಿತ್ತು. ಸುರ್ಕಿಯ ಉಂಡೆಯ ಮೇಲೆ ನೀರು ನಸುಗೆಂಪಾಯಿತೇ ಹೊರತು ಆಕಾರ ಕೆಡಲಿಲ್ಲ; ಏಳನೆಯ ದಿನ ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳಲಿಲ್ಲ, ಉಗುರಿನ ಗೀರು ಮಾತ್ರ ಮೂಡಿತು. ನಾಲ್ಕು ವಾರವಾದ ಮೇಲೆ ಉಗುರೂ ಜಾರಿತು. ಹೊಟ್ಟಿನ ಬೂದಿಯ ಉಂಡೆ ಅದಕ್ಕಿಂತ ಬೇಗ ಗಟ್ಟಿಯಾಯಿತಾದರೂ ಬಣ್ಣ ಕಪ್ಪುಬೂದಿಯಾಗಿದ್ದುದರಿಂದ ನಮ್ಮ ಗೋಡೆಗೆ ಒಪ್ಪಲಿಲ್ಲ. ವಿಟ್ರೂವಿಯಸ್ ಸಮುದ್ರದ ಕೆಲಸಕ್ಕೆ ಹೇಳಿದ ಪಾಲನ್ನೇ ಬೋಗುಣಿಯೊಳಗೆ ನೋಡಿದಂತಾಯಿತು. ನಿಮ್ಮ ಸುರ್ಕಿಯ ಉಂಡೆ ಏಳು ದಿನದಲ್ಲಿ ಕರಗಿದರೆ ಆ ಪುಡಿಯನ್ನು ಬದಲಿಸಿ, ಕೆಲಸ ಆರಂಭಿಸಬೇಡಿ.

ಕಲಸುವುದು

ಹೊದಿಕೆಯ ಗಾರೆಗೆ ಅಳತೆಯಲ್ಲಿ ಒಂದು ಪಾಲು ಸುಣ್ಣದ ಮುದ್ದೆ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು ನಮಗೆ ಹೊಂದಿತು. 100 ಚದರ ಅಡಿ ಗೋಡೆಗೆ 20 ಮಿಲಿಮೀಟರ್ ದಪ್ಪದ ಹೊದಿಕೆಯೆಂದರೆ ಸುಮಾರು ಆರೂವರೆ ಘನ ಅಡಿ ಗಾರೆ. ಕುಗ್ಗುವುದು, ಉದುರುವುದು, ಗೋಡೆಯ ತಗ್ಗು ತುಂಬುವುದು ಎಲ್ಲ ಸೇರಿ ಸುಮಾರು 10 ಘನ ಅಡಿ ಸಾಮಗ್ರಿ ಇಟ್ಟುಕೊಳ್ಳಿ. ಮರಳನ್ನು ಗಾಜಿನ ಬಾಟಲಿಯಲ್ಲಿ ನೀರಿನೊಡನೆ ಅಲ್ಲಾಡಿಸಿ ಇಟ್ಟರೆ ಹೂಳು ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಪದರ ದಪ್ಪವಿದ್ದರೆ ಮರಳನ್ನು ತೊಳೆಯಬೇಕು. ತೊಳೆದ ಎಂ-ಸ್ಯಾಂಡ್ ಕೂಡ ನಡೆಯುತ್ತದೆ.

ಹಿಂದೆ ಗಾರೆಯನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಈಗ ಗಾಣವಿಲ್ಲದಿದ್ದರೂ ಅರೆಯುವ ಕೆಲಸವನ್ನು ಬಿಡುವಂತಿಲ್ಲ. ಕಲಸಿದ ಗಾರೆಯನ್ನು ಗುದ್ದಲಿಯಿಂದ ಕೊಚ್ಚಿ, ಮರದ ದಿಮ್ಮಿಯಿಂದ ಅರ್ಧ ಗಂಟೆಯಾದರೂ ಗುದ್ದಬೇಕು. ಗುದ್ದಿದಷ್ಟೂ ನೀರು ಹಾಕದೆಯೇ ಗಾರೆ ಮೆತ್ತಗಾಗುತ್ತದೆ. ನಮ್ಮ ಮನೆಗೆ ಬಂದ ಹಿರಿಯ ಗಾರೆ ಕೆಲಸಗಾರರು, ಗಾರೆ ಗಟ್ಟಿಯಿದೆಯೆಂದು ನಾನು ಚೊಂಬಿನಲ್ಲಿ ನೀರು ತಂದಾಗ ಕೈ ಅಡ್ಡ ಹಿಡಿದರು. “ನೀರು ಬ್ಯಾಡ ಕಣಪ್ಪಾ, ಇನ್ನೊಂದು ನೂರು ಏಟು ಹಾಕು” ಎಂದರು. “ಕೈ ಸೋತು ಹೋಯ್ತಜ್ಜ” ಎಂದೆ. “ಈಗ ನಿನ್ನ ಕೈ ಸೋತರೆ ಆಮೇಲೆ ಗೋಡೆ ಸೋಲಲ್ಲ” ಎಂದು ದಿಮ್ಮಿಯನ್ನು ತಾವೇ ಎತ್ತಿಕೊಂಡರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಪದ್ಧತಿಯೂ ಇದೆ. ಬೆಲ್ಲ ಗಾರೆಯನ್ನು ಮೃದುವಾಗಿಸಿ ಗಟ್ಟಿಯಾಗುವುದನ್ನು ತುಸು ತಡೆಯುತ್ತದೆ. ಮನೆಯೊಳಗಿನ ಗೋಡೆಗೆ ಅದಿಲ್ಲದೆಯೂ ನಡೆಯುತ್ತದೆ, ಹೆಚ್ಚಾದರೆ ಇರುವೆ ಮುತ್ತುತ್ತದೆ.

ಕಲ್ಲುಗಳ ನಡುವಿನ ಆಳವಾದ ಪೊಟರೆ ತುಂಬುವುದಕ್ಕೆ ಬಿಸಿ ಗಾರೆ ಮಾಡಬಹುದು. ಮರಳು ಮತ್ತು ಸುರ್ಕಿಯನ್ನು ಬೆರೆಸಿ ಉಂಗುರದಂತೆ ಹರಡಿ, ನಡುವೆ ಪುಡಿಮಾಡಿದ ಸುಟ್ಟ ಸುಣ್ಣ ಹಾಕಿ, ಅದರ ಮೇಲೆ ಮರಳನ್ನು ಎಳೆದು ಮುಚ್ಚಿ, ನೀರು ಚಿಮುಕಿಸಬೇಕು. ಹೊಗೆಯಂತೆ ಆವಿ ಏಳುತ್ತದೆ, ರಾಶಿ ಬಿರಿಯುತ್ತದೆ. ಆಗ ದೂರ ನಿಂತು ಉದ್ದ ಹಿಡಿಕೆಯ ಸಲಿಕೆಯಿಂದ ತಿರುವಬೇಕು. ಬಿಸಿ ಆರಿ ಉಗುರುಬೆಚ್ಚಗಾದ ಮೇಲೆಯೇ ಪೊಟರೆಗೆ ತುಂಬಿ. ಅರಳುವ ಸುಣ್ಣ ಹಿಗ್ಗುವುದರಿಂದ ಪೂರ್ತಿ ಅರಳುವ ಮೊದಲು ತುಂಬಿದರೆ ಕಲ್ಲನ್ನೇ ಸರಿಸೀತು. ಅನುಭವವಿಲ್ಲದವರು ಇದನ್ನು ಒಬ್ಬರೇ ಮಾಡಬಾರದು.

ಮೆತ್ತುವುದು ಮತ್ತು ಒದ್ದೆಯಾಗಿಡುವುದು

ಕಾಲದ ಆಯ್ಕೆ ಮುಖ್ಯ. ನಮ್ಮ ಸೀಮೆಯಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆ ಗಾಳಿ ಹಸಿ ಗಾರೆಯ ನೀರನ್ನು ಒಂದೇ ಮಧ್ಯಾಹ್ನದಲ್ಲಿ ಹೀರಿಬಿಡುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯ ತನಕದ ದಿನಗಳು ಉತ್ತಮ, ಬೇಸಿಗೆ ಬೇಡವೇ ಬೇಡ. ಗೋಡೆಯ ಸಂದುಗಳನ್ನು ಒಂದು ಇಂಚು ಆಳಕ್ಕೆ ಕೆದಕಿ, ಧೂಳು ಊದಿ, ಹಿಂದಿನ ಸಂಜೆ ಮತ್ತು ಕೆಲಸದ ಬೆಳಿಗ್ಗೆ ನೀರು ಚಿಮುಕಿಸಿ. ಮಣ್ಣಿನ ಗೋಡೆಯಾದರೆ ಮೈ ಮಾತ್ರ ತೇವವಾದರೆ ಸಾಕು. ಮೊದಲು ಸಂದು ತುಂಬಿ, ಮೂರು ದಿನ ಬಿಟ್ಟು 10 ಮಿಲಿಮೀಟರಿನ ಮೊದಲ ಪದರವನ್ನು ಕರಣೆಯಿಂದ ಬಲವಾಗಿ ಎಸೆದು ಒತ್ತಿ, ಮೇಲ್ಮೈಯನ್ನು ಗೀರಿ ಬಿಡಿ. ಏಳರಿಂದ ಹತ್ತು ದಿನ ಕಳೆದು ಎರಡನೆಯ ಪದರ. ಗಾರೆ ಬೆರಳಿಗೆ ಅಂಟದಷ್ಟು ಬಿಗಿಯಾದಾಗ ಮರದ ಹಲಗೆಯಿಂದ ಮತ್ತೆ ಮತ್ತೆ ಉಜ್ಜಿ ಒತ್ತಬೇಕು. ಕುಗ್ಗುವಿಕೆಯ ಕೂದಲುಬಿರುಕುಗಳು ಆಗಲೇ ಮುಚ್ಚಿಹೋಗುತ್ತವೆ.

ಸುರ್ಕಿ ಮತ್ತು ಸುಣ್ಣ ಕೂಡುವುದು ತೇವವಿದ್ದಾಗ ಮಾತ್ರ. ಗೋಡೆಯ ಮುಂದೆ ಗೋಣಿತಾಟನ್ನು ನೇತುಹಾಕಿ, ದಿನಕ್ಕೆ ಮೂರು ನಾಲ್ಕು ಸಲ ನೀರು ಚಿಮುಕಿಸುತ್ತ ಕನಿಷ್ಠ ಮೂರು ವಾರ ಕಾಯಬೇಕು. ಕೆಲಸದ ಈ ಭಾಗವನ್ನು ಕೂಲಿಯವರ ಮೇಲೆ ಬಿಡದೆ ಮನೆಯವರೇ ವಹಿಸಿಕೊಳ್ಳುವುದು ಒಳ್ಳೆಯದು. ಸಂತೇಬೆನ್ನೂರಿನ ಪುಷ್ಕರಣಿಯ ನಡುವೆ ನೀರಿನಲ್ಲಿ ನಿಂತಿರುವ ವಸಂತ ಮಂಟಪವನ್ನು ನೋಡಿದವರಿಗೆ ಗಾರೆಗೂ ನೀರಿಗೂ ಹಗೆತನವಿಲ್ಲವೆಂಬುದು ಗೊತ್ತಿರುತ್ತದೆ. ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಲ್ಲಿನ ಕಟ್ಟೆಯೂ ಹಾಗೆಯೇ, 1933ರ ನಂತರ 2022ರಲ್ಲಿ ಮತ್ತೊಮ್ಮೆ ಕೋಡಿ ಬಿದ್ದಾಗ ತುಂಬಿದ ನೀರನ್ನು ಹೊತ್ತು ನಿಂತಿತ್ತು.

ಸಿಮೆಂಟಿನ ಕೆಲಸವೂ ನಡೆಯುತ್ತಿದ್ದರೆ, ರೋಮನ್ನರ ಎರಡು ಅಭ್ಯಾಸಗಳನ್ನು ಅಲ್ಲಿಗೂ ತನ್ನಿ. ನೀರು ಕಡಿಮೆಯಿರಲಿ: 50 ಕೆಜಿ ಚೀಲಕ್ಕೆ 25 ಲೀಟರಿನ ಆಸುಪಾಸು ಸಾಕು, ಕಾಂಕ್ರೀಟು ಜಾರಲೆಂದು ಬಕೆಟ್ಟುಗಟ್ಟಲೆ ಸುರಿಯಲು ಬಿಡಬೇಡಿ, ವೈಬ್ರೇಟರ್ ಹಾಕಿಸಿ. ಬೂದಿಯಿರಲಿ: ಪಿಪಿಸಿ ಎಂದು ಬರುವ ಸಿಮೆಂಟಿನಲ್ಲಿ ಶೇ 15ರಿಂದ 35ರವರೆಗೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಸೇರಿರುತ್ತದೆ, ಅದು ನಿಧಾನವಾಗಿ ಬಲಿಯುವುದರಿಂದ ಕನಿಷ್ಠ ಹತ್ತು ದಿನ, ನಮ್ಮ ಬಿಸಿಲಿಗೆ ಎರಡು ವಾರ ನೀರುಣ್ಣಿಸಬೇಕು. ಸರಳು ಕಾಂಕ್ರೀಟಿನ ಹೊರಮೈಗೆ ಬರದಂತೆ ತಡೆಯುವ ಚಿಕ್ಕ ಬಿಲ್ಲೆಗಳನ್ನು, ಎಂದರೆ ಕವರ್ ಬ್ಲಾಕ್‌ಗಳನ್ನು ಇಡಿಸಿ, ಸ್ಲ್ಯಾಬಿಗೆ 20, ಪಿಲ್ಲರಿಗೆ 40 ಮಿಲಿಮೀಟರ್. ಕಾರ್ಮಿಕರು ಅವಸರದಲ್ಲಿ ಬಿಟ್ಟುಬಿಡುವ ಕೆಲಸವೇ ಅದು.

ಹೊದಿಕೆ ಒಣಗಿದ ಮೇಲೆ ವಾಲ್ ಪುಟ್ಟಿಯಾಗಲಿ ಎಮಲ್ಷನ್ ಬಣ್ಣವಾಗಲಿ ಹಚ್ಚಬಾರದು. ಅವು ಗೋಡೆಯ ಉಸಿರನ್ನು ಮತ್ತೆ ಕಟ್ಟುತ್ತವೆ. ತೆಳುವಾದ ಸುಣ್ಣದ ತಿಳಿಯನ್ನು ಮೂರು ನಾಲ್ಕು ಸಲ, ಪ್ರತಿ ಸಲವೂ ಗೋಡೆಯನ್ನು ತುಸು ಒದ್ದೆ ಮಾಡಿ ಬಳಿಯಿರಿ. ಮಿಕ್ಕ ಸುಣ್ಣದ ಮುದ್ದೆಯನ್ನು ಮೇಲೆ ಎರಡು ಇಂಚು ನೀರು ನಿಲ್ಲಿಸಿ, ಮುಚ್ಚಳ ಹಾಕಿ ನೆರಳಿನಲ್ಲಿಟ್ಟರೆ ಕೆಡುವುದಿಲ್ಲ. ನೀರು ಇಂಗಿದಂತೆ ತುಂಬುತ್ತಿದ್ದರೆ ಮುಂದಿನ ಯುಗಾದಿಗೆ ಮನೆ ಬಳಿಯುವಾಗ ಅದೇ ಒದಗುತ್ತದೆ.